ಬೆಂಚಿನ ಮೇಲಿನ ಊರು

ಹೊಸ ಊರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಲ್ಲ, 'ನಮ್ಮವರು' ಅನ್ನಿಸಿಕೊಳ್ಳುವುದು ಕಷ್ಟ. ಅರವತ್ತರ ದಶಕದಲ್ಲಿ ನಾನು ಸಾಗರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ನಾಲ್ಕು ವರ್ಷ ಕಳೆದರೂ ಹೋಟೆಲಿನವರಿಂದ ಹಿಡಿದು ಶಾಲೆಯ ಜವಾನನವರೆಗೆ ಎಲ್ಲರಿಗೂ ನಾನು 'ತೀರ್ಥಹಳ್ಳಿ ಮೇಷ್ಟ್ರು'. ನನ್ನ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಈ ಊರು ಒಂದು ಸಲ ನನ್ನನ್ನು ತನ್ನವನೆನ್ನಲಿ ಎಂದು ಎಷ್ಟು ಹಂಬಲಿಸುತ್ತಿದ್ದೆನೆಂದರೆ, ಹೋಟೆಲಿನಲ್ಲಿ ಯಾರಾದರೂ "ಬನ್ನಿ, ಇಲ್ಲೇ ಕೂತ್ಕೊಳ್ಳಿ" ಎಂದರೆ ಬೇಡದಿದ್ದರೂ ಎರಡನೇ ಕಾಫಿ ಕುಡಿಯುತ್ತಿದ್ದೆ.

ಶರಾವತಿ ಹಿನ್ನೀರಿನಲ್ಲಿ ಊರುಗಳು ಮುಳುಗಿದ ವರ್ಷ ಅಲ್ಲಿನ ಮಕ್ಕಳು ನಮ್ಮ ಶಾಲೆಗೆ ಬಂದರು. ನನ್ನ ಒಂಬತ್ತನೇ ತರಗತಿಗೆ ಒಂದೇ ಊರಿನ ನಾಲ್ವರು ಹುಡುಗಿಯರು. ಕೂರುವುದು ಹಿಂದಿನ ಬೆಂಚಿನಲ್ಲಿ ಒಟ್ಟಿಗೆ, ಊಟವೂ ಅಲ್ಲೇ. ಉಳಿದವರು 'ಮುಳುಗಡೆಯವರು' ಎಂದು ದೂರವಿಟ್ಟರು, ಇವರೂ ಹತ್ತಿರ ಹೋಗಲಿಲ್ಲ. ಹೆಡ್ಮಾಸ್ಟರು ನನ್ನನ್ನು ಕರೆಸಿದರು. "ಎಂತ ಮಾರಾಯ್ರೆ, ನಿಮ್ಮ ಕ್ಲಾಸಲ್ಲಿ ಒಂದು ಬೆಂಚು ಬೇರೆ ದೇಶ ಆಗಿದ್ಯಲ್ಲ! ಎಲ್ಲರ ಜೊತೆ ಬೆರೆಸಿ ಅವರನ್ನ."

ಹೆಸರಿನ ಅಕ್ಷರದ ಪ್ರಕಾರ ಕೂರಿಸಿದೆ. ಗಿಡ್ಡ ಹುಡುಗಿಯರೆಲ್ಲ ಹಿಂದೆ ಹೋಗಿ ಅವರಿಗೆ ಬೋರ್ಡು ಕಾಣದಾಯಿತು. ಎತ್ತರದ ಪ್ರಕಾರ ಕೂರಿಸಿದೆ. ಗೆಳತಿಯರು ಬೇರೆಯಾಗಿ ಇಡೀ ತರಗತಿ ನನ್ನ ಮೇಲೆ ಮುನಿಸಿಕೊಂಡಿತು. ಏನು ಮಾಡಿದರೂ ಊಟದ ಗಂಟೆ ಹೊಡೆದದ್ದೇ ತಡ, ನಾಲ್ವರೂ ಹಿಂದಿನ ಬೆಂಚಿಗೆ ವಾಪಸು, ಅದೇ ಸಾಲಿನಲ್ಲಿ. ಎರಡನೆಯವಳಿಗೂ ಮೂರನೆಯವಳಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಖಾಲಿ. ಇದು ಜಾತಿಯೇ ಇರಬೇಕೆಂದು ತೀರ್ಮಾನಿಸಿದೆ, ಸಮಾಜ ಪಾಠದ ಮೇಷ್ಟ್ರಲ್ಲವೇ! ಒಂದು ಮಧ್ಯಾಹ್ನ ಅವರ ಮುಂದೆ ನಿಂತು ಸಮಾನತೆಯ ಮೇಲೆ ಹತ್ತು ನಿಮಿಷ ಭಾಷಣ ಬಿಗಿದು, "ಹತ್ತಿರ ಕೂತ್ಕೊಳ್ರಮ್ಮಾ" ಎಂದೆ.

ತುದಿಯಲ್ಲಿದ್ದ ನಾಗವೇಣಿ ಎದ್ದು ನಿಂತಳು. "ಅಲ್ಲಿ ಕೂರಕ್ಕೆ ಆಗಲ್ಲ ಸಾರ್. ಅದು ಬಾವಿ."

"ಬಾವಿಯಾ?"

"ಹೂಂ ಸಾರ್. ಇದು ನಮ್ಮನೆ. ಆಮೇಲೆ ಲಲಿತನ ಮನೆ. ಆಮೇಲೆ ಬಾವಿ. ಆಚೆ ಕಡೆ ಇವ್ರಿಬ್ರ ಮನೆ."

ಊರಿನಲ್ಲಿ ಮನೆಗಳಿದ್ದ ಕ್ರಮದಲ್ಲೇ ಅವರು ಕೂರುತ್ತಿದ್ದರು. ಅಲ್ಲಿ ಜಾತಿ ನೋಡಿ ಒಬ್ಬರ ಜಗುಲಿಯನ್ನು ಇನ್ನೊಬ್ಬರು ಹತ್ತುತ್ತಿರಲಿಲ್ಲವಂತೆ, ಇಲ್ಲಿ ಒಂದೇ ಬುತ್ತಿಗೆ ನಾಲ್ಕು ಕೈ. ಎರಡು ವಾರದಿಂದ ನಾನು ಆ ಊರನ್ನು ಇನ್ನೊಂದು ಸಲ ಮುಳುಗಿಸುತ್ತಿದ್ದೆ.

ಮುಂದಿನ ಬೆಂಚಿನಿಂದ ಇದನ್ನೆಲ್ಲ ಕೇಳುತ್ತಿದ್ದ ವಿಮಲ, ಪೇಟೆಯ ಅಡಿಕೆ ಮಂಡಿ ಸಾಹುಕಾರರ ಮಗಳು, ಬುತ್ತಿ ಹಿಡಿದು ಬಂದು "ನಂಗೂ ಒಂದು ಮನೆ ಕೊಡ್ರೇ" ಎಂದಳು. ನಾಲ್ವರೂ ಗುಸುಗುಸು ಮಾತಾಡಿ, ಕೊನೆಯ ಮನೆ ದಾಟಿ ಒಂದು ತುಂಡು ಗದ್ದೆ ಮಂಜೂರು ಮಾಡಿದರು. ತಿಂಗಳೊಳಗೆ ಊರು ಇನ್ನೆರಡು ಬೆಂಚಿಗೆ ಹಬ್ಬಿತು. ಹೆಡ್ಮಾಸ್ಟರು ಬಂದು ನೋಡಿ "ಭೇಷ್, ಬೆರೆಸಿಬಿಟ್ರಲ್ಲ!" ಎಂದಾಗ ನಾನು ನಾಚಿಕೆಯಿಲ್ಲದೆ ತಲೆಯಾಡಿಸಿದೆ.

ಆದರೆ ನನಗೂ ಆಸೆ ಹುಟ್ಟಿತ್ತು. ಒಂದು ದಿನ ತಮಾಷೆಗೆಂಬಂತೆ ಕೇಳಿಯೇಬಿಟ್ಟೆ. "ನಿಮ್ಮೂರಲ್ಲಿ ನಂಗೆಲ್ಲಿ ಜಾಗ?"

ನಾಗವೇಣಿ ಚೆನ್ನಾಗಿ ಯೋಚಿಸಿದಳು. "ನೀವು ಬಸ್ ನಿಲ್ಲೋ ಕಟ್ಟೆ ಹತ್ರ ಸಾರ್. ಪ್ರತಿ ಶನಿವಾರ ಊರಿಗೆ ಹೋಗ್ತೀರಲ್ಲ."

ಆ ಶನಿವಾರ ಹಟ ಹಿಡಿದು ತೀರ್ಥಹಳ್ಳಿ ಬಸ್ಸು ಹತ್ತಲಿಲ್ಲ. ಸಾಗರದವನಾಗಿ ಒಂದು ಭಾನುವಾರ ಕಳೆಯುವುದೆಂದು ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು ಹೊರಟೆ. ಪೇಟೆ ಸುತ್ತಿದೆ, ಕಾಫಿ ಕುಡಿದೆ. ಆಮೇಲೆ ಯಾರ ಮನೆಗೆ ಹೋಗುವುದೋ ತೋಚಲಿಲ್ಲ. ಹತ್ತು ಗಂಟೆಗೆ ನೋಡಿದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆಯೇ ಕೂತಿದ್ದೆ.

ಅಷ್ಟರಲ್ಲಿ ತಾಯಿಯ ಜೊತೆ ಸಂತೆಗೆ ಹೊರಟಿದ್ದ ನಾಗವೇಣಿ ಕಂಡಳು. "ಅಮ್ಮಾ, ಹೇಳಿದ್ನಲ್ಲ, ನಮ್ಮೂರ ಮೇಷ್ಟ್ರು. ಇವ್ರೇ!"

ನಾಲ್ಕು ವರ್ಷ ಕಾದ ಮಾತು! ತಾಯಿ ಸೆರಗು ಸರಿಪಡಿಸಿಕೊಂಡು, "ಒಂದ್ಸಲ ನಮ್ಮನೆ ಕಡೆ ಬನ್ನಿ ಸಾರ್" ಎಂದರು. ಖಂಡಿತ ಬರುತ್ತೇನೆಂದೆ. ಅವರ ಮನೆ ನನಗೆ ಚೆನ್ನಾಗಿ ಗೊತ್ತು: ಕಟ್ಟೆಯಿಂದ ನೇರ ಹೋದರೆ ಬಾವಿ, ಅದಕ್ಕಿಂತ ಈಚೆ ಲಲಿತನ ಮನೆ, ಅದರ ಪಕ್ಕದ್ದು. ಅವರಿಬ್ಬರೂ ಸಂತೆಯ ಜನರಲ್ಲಿ ಮರೆಯಾದ ಮೇಲೆ ನೆನಪಾಯಿತು, ಈಗ ಸಾಗರದಲ್ಲಿ ಎಲ್ಲಿದ್ದಾರೆಂದು ಕೇಳಲೇ ಇಲ್ಲ.