ಅವರು ಮಾತಿಗೆ ಕೂತರು, ಇವರು ಮಾತು ಬಿಟ್ಟರು

ನಮ್ಮ ಮನೆಯಲ್ಲಿ ನಗೆಪಾಟಲಾಗದ ವಾರವೇ ಇಲ್ಲ. ಬೇರೆಯವರ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದೋ ನಲ್ಲಿಯಲ್ಲಿ ನೀರು ಬರಲಿಲ್ಲವೆಂದೋ ಜಗಳ ಹತ್ತುತ್ತದೆ. ನಾನು ಸೊಸೆಯಾಗಿ ಬಂದದ್ದು ತೆಲುಗು ಸೀಮೆಯ ಆದೋನಿಯ ಹತ್ತಿ ವ್ಯಾಪಾರದ ಮನೆಗೆ. ಇಲ್ಲಿ ಎಲ್ಲೋ ಯಾವುದೋ ದೇಶದ ಮಂತ್ರಿ ರಾಜೀನಾಮೆ ಕೊಟ್ಟರೆ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಗುತ್ತದೆ. ಮದ್ದಿಕೇರದಲ್ಲಿ ಹುಟ್ಟಿ ಬೆಳೆದ ನನಗೆ ಇದೆಲ್ಲ ಅರ್ಥವಾಗಲು ಬಹಳ ದಿನ ಹಿಡಿಯಿತು.

ಬಾಯಿ ಬಿಟ್ಟವರು, ಬಾಯಿ ಮುಚ್ಚಿದವರು

ಮನೆಯಲ್ಲಿ ನಾವು ಐದೇ ಜನ ದೊಡ್ಡವರು. ಅತ್ತೆ, ಭಾವ, ಭಾವನ ಹೆಂಡತಿ, ನಮ್ಮ ಮನೆಯವರು ಮತ್ತು ನಾನು. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಅಣ್ಣ ತಮ್ಮಂದಿರದು ಒಂದೇ ಅಂಗಡಿ, ಒಂದೇ ಗೋಡೌನು, ಒಂದೇ ಒಲೆ. ಆ ವರ್ಷ ಗೋಡೌನಿನ ತುಂಬ ಹತ್ತಿ ಬೇಲುಗಳಿದ್ದವು. ಅವನ್ನು ಕೊಳ್ಳಬೇಕಾದವರು ನೆರೆಯ ಒಂದು ದೇಶದ ನೂಲಿನ ಗಿರಣಿಯವರು. ದೇಶದ ಹೆಸರು ಕೇಳಬೇಡಿ, ಗಿರಾಕಿಯ ಹೆಸರು ಹೊರಗೆ ಹೇಳುವುದು ನಮ್ಮ ಮನೆಯ ಪದ್ಧತಿಯಲ್ಲ. ಅಲ್ಲಿ ಸರಕಾರ ಬಿತ್ತು, ಜನ ಬೀದಿಗೆ ಬಂದರು, ಗಡಿಯಲ್ಲಿ ಲಾರಿಗಳು ನಿಂತವು. ಆಮೇಲೆ ನಮ್ಮ ದೇಶದವರೂ ಆ ದೇಶದವರೂ ಈ ರಾಜಕೀಯ ಅಸ್ಥಿರತೆಯ ಬಗ್ಗೆ ಮಾತುಕತೆಗೆ ಕೂರುತ್ತಾರೆಂದು ಟಿವಿಯಲ್ಲಿ ಬಂತು.

“ಮಾತುಕತಿ ಆಗೇ ಆಗತೈತಿ. ಗಡಿ ತೆರೀತಾರ. ಅಲ್ಲೀತನಕ ಒಂದು ಬೇಲೂ ಮಾರೂದು ಬ್ಯಾಡ” ಎಂದರು ನಮ್ಮ ಮನೆಯವರು.

“ಅವರು ಮಾತಾಡೂದ್ರೊಳಗ ಮಳಿ ಬರತೈತಿ, ಹತ್ತಿ ಹಸಿ ಹಿಡೀತೈತಿ. ಇಲ್ಲೇ ಮಿಲ್ಲಿನವರಿಗೆ ಕೊಟ್ಟು ಕೈ ತೊಳಕೊಳ್ಳೂಣು” ಎಂದರು ಭಾವ.

ಆಗತೈತಿ, ಆಗಂಗಿಲ್ಲ, ಆಗತೈತಿ, ಆಗಂಗಿಲ್ಲ. ದನಿ ಏರಿತು. ಕೊನೆಗೆ ಭಾವ ಎದ್ದು ನಿಂತು, “ಆ ಮಾತುಕತಿ ಮುಗಿಯೋತನ ನಿನ್ನ ಕೂಡ ನನ್ನ ಮಾತಿಲ್ಲ. ಉರುಕುಂದ ಈರಣ್ಣನ ಆಣಿ! ಮುಗಿದ ಮ್ಯಾಲ ಮಾಲೂ ಬ್ಯಾರಿ, ಒಲೀನೂ ಬ್ಯಾರಿ” ಎಂದುಬಿಟ್ಟರು. ತಮ್ಮನೇನು ಕಡಿಮೆಯೇ? “ನನಗೂ ಅದೇ ಈರಣ್ಣನ ಆಣಿ” ಎಂದರು.

ಅತ್ತೆ ಹಣೆ ಹಣೆ ಬಡಿದುಕೊಂಡರು. ಮಾವ ತೀರಿದ ಮೇಲೆ ಈ ಮನೆ ಒಡೆಯದಂತೆ ಹಿಡಿದಿಟ್ಟವರು ಅವರು. ಸ್ವಲ್ಪ ಹೊತ್ತು ಅತ್ತು, ಮೂಗೊರೆಸಿಕೊಂಡು ಟಿವಿಯ ಕಡೆ ಕೈ ನೀಡಿ ಹೇಳಿದರು: “ಯಾರರೆ ಹೋಗಿ ಮೊದಲು ಆ ದೇಶದವರ ಬಾಯಿ ಮುಚ್ಚಸ್ರಪಾ. ಅವರು ಮಾತು ಬಿಟ್ರ ನನ್ನ ಮಕ್ಕಳು ಮಾತಾಡ್ತಾವ!”

ವಕ್ತಾರರು

ಆಣೆ ಇಟ್ಟದ್ದೇನೋ ಆಯಿತು. ಆದರೆ ಒಂದೇ ಅಂಗಡಿ ನಡೆಸುವವರು ಮಾತಿಲ್ಲದೆ ಹೇಗೆ ನಡೆಸುತ್ತಾರೆ? ಕೆಲಸ ನಮ್ಮಿಬ್ಬರ ತಲೆಗೆ ಬಂತು. ಅಣ್ಣ ತಮ್ಮ ಊಟಕ್ಕೆ ಪಕ್ಕಪಕ್ಕದಲ್ಲೇ ಕೂರುವರು, ಮೊಣಕೈಗೆ ಮೊಣಕೈ ತಾಗುವುದು. ಆದರೂ ಭಾವ ಅಕ್ಕನ ಕಡೆ ತಿರುಗಿ, “ಗೋಡೌನಿನ ಕೀಲಿ ಎಲ್ಲಿ ಒಗದಾನ ಅಂತ ಆ ಕತ್ತೆಗೆ ಕೇಳು” ಎನ್ನುವರು.

ಅಕ್ಕ ದಿನಾ ಟಿವಿ ನೋಡಿ ನೋಡಿ ಚೆನ್ನಾಗಿ ಪಳಗಿದ್ದಳು. ಗಂಭೀರವಾಗಿ ನನ್ನ ಕಡೆ ತಿರುಗಿ, “ಕೀಲಿ ವಿಷಯದಾಗ ನಮ್ಮ ಕಡಿಯವರು ತೀವ್ರ ಕಳವಳ ವ್ಯಕ್ತಪಡಿಸ್ಯಾರ” ಎಂದಳು.

ನಮ್ಮ ಮನೆಯವರು ರೊಟ್ಟಿ ಮುರಿಯುತ್ತ, “ನಿನ್ನೆ ಅವನ ಅಂಗಿ ಕಿಸೆದಾಗೇ ಇಟ್ಟೀನಿ, ಕಣ್ಣು ಕಾಣಂಗಿಲ್ಲೇನು ಅಂತ ಹೇಳು” ಎಂದರು.

ನಾನೇನು ಹಿಂದೆ ಬೀಳುವವಳೇ? “ಈ ಬಗ್ಗೆ ಹಿಂದೇನೇ ಮಾಹಿತಿ ಕೊಟ್ಟೈತಿ, ಎದುರಿನವರು ಇನ್ನೊಮ್ಮೆ ಪರಿಶೀಲನೆ ಮಾಡಬೇಕು ಅಂತ ನಮ್ಮ ಕಡಿಯವರ ವಿನಂತಿ” ಎಂದೆ.

ಭಾವ ಕಿಸೆ ಮುಟ್ಟಿ ನೋಡಿಕೊಂಡರು. ಕೀಲಿ ಇತ್ತು. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಶೇಂಗಾ ಹಿಂಡಿ ತರುವ ನೆಪದಲ್ಲಿ ಒಳಗೆ ಓಡಿದಳು. ನಾನೂ ಹಿಂದೆಯೇ ಹೋದೆ. ಒಳಗೆ ಹೋಗಿ ನೋಡಿದರೆ ಆಕೆಯ ಕಣ್ಣಲ್ಲಿ ನೀರು. “ನಕ್ಕು ನಕ್ಕು ಬಂತು” ಎಂದಳು. ಸುಳ್ಳು. ಆಮೇಲೆ ಮೆಲ್ಲಗೆ, “ಒಲಿ ಬ್ಯಾರಿ ಆದ್ರ ನೀ ಬ್ಯಾಳಿಗೆ ಉಪ್ಪು ಹಾಕೂದು ಮರೀತಿ ತಂಗಿ. ಯಾರು ನೆನಪು ಮಾಡ್ತಾರ?” ಎಂದಳು. ಈ ಮನೆಗೆ ಬಂದಾಗ ನನಗೆ ರೊಟ್ಟಿ ಬಡಿಯಲೂ ಬರುತ್ತಿರಲಿಲ್ಲ, ಎಲ್ಲ ಕಲಿಸಿದ್ದು ಆಕೆ. ಬೇರೆ ಒಲೆ ಎಂದರೆ ನನಗೆ ನಿಜಕ್ಕೂ ಹೆದರಿಕೆಯಾಗುತ್ತಿತ್ತು.

ಹೊರಗಿನಿಂದ ಅತ್ತೆಯ ಕೂಗು ಬಂತು: “ಎರಡೂ ದೇಶದ ರಾಯಭಾರಿಗಳು ಒಳಗೇನು ಮಾಡಾಕ ಹತ್ತೀರಿ? ಇಲ್ಲಿ ದೇಶಗಳು ಒಣಾ ರೊಟ್ಟಿ ತಿನ್ನಾಕ ಹತ್ಯಾವ!”

ಬಿದ್ದರೂ ಒಂದೇ, ನಿಂತರೂ ಒಂದೇ

ನಮ್ಮ ಅಂಗಡಿ ಮನೆಯ ಮುಂಭಾಗದಲ್ಲೇ ಇದೆ. ಪರದೆಯ ಹಿಂದೆ ನಿಂತರೆ ಎಲ್ಲ ಕೇಳುತ್ತದೆ, ಮತ್ತು ನಾನು ನಿಲ್ಲುತ್ತೇನೆ. ಒಂದು ದಿನ ಕೌತಾಳಂ ಕಡೆಯ ರೈತನೊಬ್ಬ ಕೊನೆಯ ಸಲ ಬಿಡಿಸಿದ ಹತ್ತಿ ತಂದಿದ್ದ. “ಏಮನ್ನಾ, ರೇಟು ಎಂತ?” ಎಂದು ತೆಲುಗು ಬೆರೆಸಿ ದರ ಕೇಳಿದ.

ನಮ್ಮ ಮನೆಯವರು ದರ ಹೇಳುವ ಬದಲು ಅವನನ್ನು ಕೂರಿಸಿ ಚಹಾ ತರಿಸಿ ಶುರು ಮಾಡಿದರು. ಆ ದೇಶದಲ್ಲಿ ಯಾರು ಇಳಿದರು, ಯಾರು ಏರಿದರು, ಗಡಿಯಲ್ಲಿ ಏನಾಯಿತು, ದೊಡ್ಡ ದೇಶಗಳು ಯಾರ ಪರ, ಹಡಗು ಯಾಕೆ ತಡ. ಟಿವಿಯವರೂ ಇಷ್ಟು ಬಿಡಿಸಿ ಹೇಳಿರಲಿಕ್ಕಿಲ್ಲ. ಭಾವ ಇನ್ನೊಂದು ಮೂಲೆಯಲ್ಲಿ ಕೂತು, ತಮ್ಮನ ಒಂದೊಂದು ಮಾತಿಗೂ ಗೋಡೆಯ ಕಡೆ ತಿರುಗಿ ಅಲ್ಲ ಎನ್ನುವಂತೆ ತಲೆ ಅಲ್ಲಾಡಿಸುತ್ತಿದ್ದರು.

“ಅದಕ್ಕಪಾ, ಅಲ್ಲಿ ಸರಕಾರ ಬಿದ್ದೈತಿ, ಇಲ್ಲಿ ರೇಟು ಬಿದ್ದೈತಿ” ಎಂದು ನಮ್ಮ ಮನೆಯವರು ಮುಗಿಸಿದರು.

ರೈತ ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು ಕೇಳಿದ: “ಸರೇ ಅನ್ನಾ. ಹೋದ ವರ್ಷ ಅಲ್ಲಿ ಸರಕಾರ ಗಟ್ಟಿ ನಿಂತಿತ್ತಲ್ಲ, ಅವಾಗ ರೇಟು ಯಾಕ ಬಿದ್ದಿತ್ತು?”

ಮೂಲೆಯಲ್ಲಿ ಗೋಡೆ ನೋಡುತ್ತಿದ್ದ ಭಾವನಿಗೆ ಚಹಾ ನೆತ್ತಿಗೇರಿತು. ತಮ್ಮ ತಟ್ಟನೆ ಎದ್ದು ಅಣ್ಣನ ಬೆನ್ನು ತಟ್ಟಲು ಹೋದರು. ಅರ್ಧ ದಾರಿಯಲ್ಲಿ ಆಣೆ ನೆನಪಾಗಿ, ಅದೇ ಕೈಯಿಂದ ರೈತನ ಬೆನ್ನು ತಟ್ಟಿ ಬಂದರು.

ಎರಡು ಕಿವಿಗೆ ಎರಡು ಸುದ್ದಿ

ಭಾವ ಓದಿದ್ದು ಇಲ್ಲೇ ತೆಲುಗಿನಲ್ಲಿ, ನಮ್ಮ ಮನೆಯವರು ಓದಿದ್ದು ಬಳ್ಳಾರಿಯಲ್ಲಿ ಕನ್ನಡದಲ್ಲಿ. ಹಾಗಾಗಿ ಪಡಸಾಲೆಯ ಟಿವಿಯಲ್ಲಿ ತೆಲುಗು ಸುದ್ದಿ, ನಮ್ಮ ಕೋಣೆಯ ಟಿವಿಯಲ್ಲಿ ಕನ್ನಡ ಸುದ್ದಿ. ಅತ್ತೆಯ ಮಂಚ ಎರಡಕ್ಕೂ ನಡುವೆ, ಬಾಗಿಲ ಬಳಿ. ಎರಡು ಟಿವಿಯವರಿಗೂ ಅದೇ ಮಾತುಕತೆ, ಅದೇ ಕೋಣೆ, ಅದೇ ಉದ್ದನೆಯ ಮೇಜು. ಆದರೆ ಕನ್ನಡದವರು ಮಾತುಕತೆಯಲ್ಲಿ ಮಹತ್ವದ ಪ್ರಗತಿ ಎನ್ನುವರು, ತೆಲುಗಿನವರು ಮಾತುಕತೆ ಮುರಿದು ಬೀಳುವ ಹಂತದಲ್ಲಿದೆ ಎನ್ನುವರು. ಕೋಣೆಯಿಂದ ಇವರು “ನಾ ಹೇಳಿರಲಿಲ್ಲೇನು?” ಎಂದು ಗೋಡೆಗೆ ಕೂಗಿದರೆ, ಪಡಸಾಲೆಯಿಂದ ಅವರು “ನಾ ಹೇಳಿರಲಿಲ್ಲೇನು?” ಎಂದು ಅದೇ ಗೋಡೆಗೆ ಕೂಗುವರು. ಇಬ್ಬರೂ ಶಬ್ದ ಏರಿಸುತ್ತ ಹೋದರು.

ಪಕ್ಕದ ಮನೆಯಾಕೆ ಬಂದು ಅತ್ತೆಯನ್ನು ಕೇಳಿದಳು: “ಏನಂತಬೇ, ಮಾತುಕತಿ ಏನಾತು?”

“ಈ ಕಿವಿಗೆ ಗೆದ್ದೈತಿ, ಈ ಕಿವಿಗೆ ಸೋತೈತಿ. ನಡುಕ ನನ್ನ ತಲಿ ಒಡದೈತಿ” ಎಂದರು ಅತ್ತೆ.

ಅಷ್ಟರಲ್ಲಿ ಫಟ್ಟನೆ ಕರೆಂಟು ಹೋಯಿತು. ಎರಡೂ ಟಿವಿ ಒಮ್ಮೆಗೇ ಬಂದ್. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೇನಿಲ್ಲ. ಅತ್ತೆ ಮಂಚದ ಮೇಲೆ ಕಾಲು ಚಾಚಿ ನಿಟ್ಟುಸಿರು ಬಿಟ್ಟರು: “ಇಷ್ಟೊತ್ತಿಗೆ ಒಪ್ಪಂದ ಆತು ನೋಡವಾ.”

ಸೆರಗು

ಕರೆಂಟು ಬಂದಾಗ ಒಮ್ಮೆಲೇ ಜೋರಾಗಿ ಬಂದು ನಮ್ಮ ಕೋಣೆಯ ಟಿವಿ ಸುಟ್ಟುಹೋಯಿತು. ಹಾಗಾಗಿ ಮಾತುಕತೆಯ ಕೊನೆಯ ದಿನ ಸಂಜೆ ನಮ್ಮ ಮನೆಯವರು ಬೇರೆ ದಾರಿಯಿಲ್ಲದೆ ಪಡಸಾಲೆಗೇ ಬಂದು ಮಂಚದ ಆ ತುದಿಗೆ ಕೂತರು. ಈ ತುದಿಗೆ ಭಾವ, ನಡುವೆ ಅತ್ತೆ. ಟಿವಿಯಲ್ಲಿ ಎರಡೂ ದೇಶದ ಮಂತ್ರಿಗಳು ಕೈ ಹಿಡಿದು ಕುಲುಕುತ್ತ ನಿಂತಿದ್ದರು. ಕ್ಯಾಮರಾದವರಿಗಾಗಿ ಇರಬೇಕು, ಬಿಡುತ್ತಲೇ ಇರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆಯ ಹಳೆಯ ವ್ಯಾಪಾರಿಗಳು ದರವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರೂ ಕೈ ಕೂಡಿಸಿ, ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಕುದುರಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ಮುಖ ಮಾತ್ರ ಬೇರೆಲ್ಲೋ ತಿರುಗಿರಬೇಕು. ಕಣ್ಣಿಗೆ ಕಣ್ಣು ಕೂಡಿದರೆ ಮನಸ್ಸಿನ ಗುಟ್ಟು ಗೊತ್ತಾಗುತ್ತದಂತೆ. ನಮ್ಮ ಮಾವ ಮಕ್ಕಳಿಬ್ಬರಿಗೂ ಇದನ್ನು ಕಲಿಸಿದ್ದರು.

ಭಾವ ಟಿವಿ ನೋಡಿ ಅಕ್ಕನಿಗೆ ಹೇಳಿದರು: “ಟವೆಲ್ ಹಾಕದ ಕೈ ಹಿಡದಾರಲ್ಲ! ಊರ ಮಂದಿ ಎಲ್ಲಾ ನೋಡಾಕ ಹತ್ತ್ಯಾರ. ಹಿಂಗಾದ್ರ ವ್ಯಾಪಾರ ಹ್ಯಾಂಗ ಕುದರತೈತಿ?”

ನಮ್ಮ ಮನೆಯವರು ನನಗೆ ಹೇಳಿದರು: “ಒಂದು ಬೆರಳೂ ಹಿಡದಿಲ್ಲ ನೋಡು. ಬರೇ ಅಲ್ಲಾಡಸಾಕ ಹತ್ತ್ಯಾರ.”

ಎಷ್ಟೋ ದಿನದ ಮೇಲೆ ಅಣ್ಣ ತಮ್ಮ ಒಂದೇ ಮಾತು ಆಡಿದ್ದರು. ನನಗೂ ಅಕ್ಕನಿಗೂ ಆಸೆ ಹುಟ್ಟಿತು. ಅಷ್ಟರಲ್ಲಿ ಟಿವಿಯಾಕೆ, ಮಾತುಕತೆ ಫಲಪ್ರದವಾಗಿದೆ, ಮುಂದೆಯೂ ಮುಂದುವರಿಯಲಿದೆ ಎಂದು ಓದಿದಳು. ಮುಂದುವರಿಯುತ್ತದೆ ಎಂದರೆ ಮುಗಿಯುವುದಿಲ್ಲ. ಮುಗಿಯದಿದ್ದರೆ ಇವರ ಆಣೆ ತೀರುವುದಿಲ್ಲ, ಹತ್ತಿ ಕದಲುವುದಿಲ್ಲ. ಆಕಾಶದಲ್ಲಿ ಆಗಲೇ ಮೋಡ ಕಾಣಿಸಿಕೊಂಡಿತ್ತು.

ಅತ್ತೆ ಟಿವಿ ಆರಿಸಲು ಹೇಳಿದರು. “ಇಬ್ಬರೂ ಕೈ ಕೊಡ್ರಿ ಇಲ್ಲಿ” ಎಂದರು.

“ಯವ್ವಾ, ಆಣಿ ಐತಿ” ಎಂದರು ಭಾವ.

“ಆಣಿ ಬಾಯಿಗೈತಿ, ಬೆರಳಿಗಿಲ್ಲ. ಹತ್ತು ಪಾಲಿನ್ಯಾಗ ಈಗ ಎಷ್ಟು ಪಾಲು ಮಾರೂದು, ಎಷ್ಟು ಇಟಗೊಳ್ಳೂದು, ಬೆರಳ ಹಿಡದು ಮುಗಸ್ರಿ. ನಿನ್ನ ಮುಖ ಆ ಕಡಿ, ನಿಂದು ಈ ಕಡಿ. ತಿರುಗಿ ನೋಡಿದವ ನನ್ನ ಮಗ ಅಲ್ಲ.”

ಇಬ್ಬರ ಕೈಯನ್ನೂ ತಮ್ಮ ಮಡಿಲಿಗೆ ಎಳೆದುಕೊಂಡು, ಮೇಲೆ ಇಳಕಲ್ ಸೀರೆಯ ಸೆರಗು ಹೊದಿಸಿದರು. ಸೆರಗು ಜಾರಬಾರದೆಂದು ತಾವೂ ಎರಡು ಕೈಯನ್ನು ಒಳಗೇ ಇಟ್ಟುಕೊಂಡರು. ನಮ್ಮ ಮನೆಯವರು ಕಿಟಕಿಯ ಕಡೆ, ಭಾವ ಬಾಗಿಲ ಕಡೆ. ಇವರು ಹುಬ್ಬು ಗಂಟಿಕ್ಕಿದರೆ ಅವರು ತಲೆ ಕೊಡವುವರು. ಅವರು ಹಲ್ಲು ಕಚ್ಚಿದರೆ ಇವರು ಉಸಿರು ಬಿಡುವರು. ಅತ್ತೆ ಜಂತೆ ಎಣಿಸುವವರಂತೆ ಮೇಲೆ ನೋಡುತ್ತಿದ್ದರು. ನಾನೂ ಅಕ್ಕನೂ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದೆವು. ಬಹಳ ಹೊತ್ತಿನ ಮೇಲೆ ಇಬ್ಬರ ಮುಖವೂ ಸಡಿಲಾಯಿತು. ಒಬ್ಬರು ಕಿಟಕಿಗೆ ನಕ್ಕರು, ಇನ್ನೊಬ್ಬರು ಬಾಗಿಲಿಗೆ ನಕ್ಕರು. ಕೈ ಹೊರಗೆ ಬಂದವು.

“ಅರ್ಧ ಮಾರೂದು, ಅರ್ಧ ಇಟಗೊಳ್ಳೂದು” ಎಂದರು ನಮ್ಮ ಮನೆಯವರು, ಕೋಣೆಗೆ ಬಂದು. “ಎಂಟರಿಂದ ಶುರು ಮಾಡಿದ್ದ ಅಣ್ಣ. ನಾ ಜಗ್ಗಲಿಲ್ಲ. ಅವನೇ ಐದಕ್ಕಿಳದ.” ಆಮೇಲೆ ಕಣ್ಣೊರೆಸಿಕೊಂಡರು. “ಅವನ ಕೈ ಎಷ್ಟು ಸೊರಗೈತಿ ಗೊತ್ತೈತೇನು? ಬರೇ ಎಲುಬು. ನನ್ನ ಚಿಂತಿ ಮಾಡೇ ಸೊರಗ್ಯಾನ ಪಾಪ. ಒಲಿ ಬ್ಯಾರಿ ಗೀರಿ ಏನೂ ಬ್ಯಾಡ.”

ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಒಂದೇ ಮೋಟಾರ್ ಸೈಕಲ್ ಹತ್ತಿ, ಕಾಯಿ ಒಡೆಸಿ ಆಣೆ ಬಿಡಿಸಿಕೊಂಡು ಬರಲು ಉರುಕುಂದಕ್ಕೆ ಹೊರಟರು. ಅವರು ಅತ್ತ ಹೋಗುತ್ತಲೇ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. “ನಿಮ್ಮ ಭಾವ ರಾತ್ರಿ ಅಳಾಕ ಹತ್ತಿದ್ರು ತಂಗಿ. ತಮ್ಮ ಎರಡರಿಂದ ಐದಕ್ಕೆ ತಾನೇ ಬಂದನಂತ. ಅವನ ಕೈ ಸೊರಗಿ ಎಲುಬಾಗೈತಂತ.”

ನಾನು ಆಕೆಯ ಮುಖ ನೋಡಿದೆ. ನಮ್ಮ ಮನೆಯವರ ಬೆರಳು ಒಂದೊಂದೂ ಬದನೆಕಾಯಿಯಷ್ಟು ದಪ್ಪ. ಭಾವನ ಕೈಗೆ ಉಂಗುರ ಹಿಡಿಯದೆ ಅಕ್ಕಸಾಲಿಗ ಎರಡು ಸಲ ಅದನ್ನು ಹಿಗ್ಗಿಸಿಕೊಟ್ಟಿದ್ದಾನೆ. ಸೊರಗಿದ ಕೈ ಯಾರದು?

ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡಿದೆವು. ಅತ್ತೆ ಒಲೆಯ ಮುಂದೆ ಕೂತು ಎರಡೂ ಕೈಯ ಬೆರಳಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಏನು ನೋಡ್ತೀರಿ? ಆ ಕಡಿ ಹಿಚುಕಿ, ಈ ಕಡಿ ಹಿಚುಕಿ ಬೆರಳು ಬಾತಾವ. ಒಬ್ಬನ ಕೈ ಇನ್ನೊಬ್ಬಗ ಮುಟ್ಟಾಕ ಬಿಟ್ಟಿದ್ರ ಬೆಳಗಾಗೂತನ ಮುಗೀತಿದ್ದಿಲ್ಲ. ಇದೇ ಕೈಲೆ ಉಣಿಸಿ ಬೆಳಸೀನಿ, ಎರಡೂ ಕೋಣಗಳಿಗೆ ಗುರುತು ಹತ್ತಲಿಲ್ಲ!”

ಅಕ್ಕ ನಗುತ್ತ ನೆಲಕ್ಕೆ ಕೂತುಬಿಟ್ಟಳು. “ಅಲ್ಲ ಅತ್ತಿ, ಬಜಾರಿಗೆ ಒಂದಿನಾ ಹೋದವರಲ್ಲ ನೀವು. ಬೆರಳಿನ ಲೆಕ್ಕ ಎಲ್ಲಿ ಕಲ್ತ್ರಿ?” ಎಂದೆ ನಾನು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಆ ವಯಸ್ಸಿನಲ್ಲೂ ನಾಚಿದ್ದು ಕಾಣುತ್ತಿತ್ತು.

“ನಮ್ಮ ಕಾಲದಾಗ ಹಿರೇರ ಮುಂದ ಗಂಡ ಹೆಂಡತಿ ಮಾತಾಡಂಗಿದ್ದಿಲ್ಲವಾ. ನಿಮ್ಮ ಮಾವ ಏನರೆ ಹೇಳೂದಿತ್ತಂದ್ರ ನೀರು ಕೇಳಾಕ ಬಂದವರಂಗ ಬಂದು, ಸೆರಗಿನ ಕೆಳಗ ಬೆರಳ ಹಿಡದು ಹೇಳಿ ಹೋಗ್ತಿದ್ರು” ಎಂದು, ಬಾಗಿಲಿನಾಚೆ ಮೋಟಾರ್ ಸೈಕಲ್ ಹೋದ ದಾರಿಗೆ ಎಣ್ಣೆ ಬೆರಳು ತೋರಿಸಿದರು: “ಆ ಮಾತುಕತಿಗೇ ಹುಟ್ಟಿದ್ದು ಈ ಎರಡೂ ದೇಶ!”