ಎಡಕ್ಕೆ ಬಿಗಿಯುವ ಬಳೆ

ಅಪಘಾತದ ಸುದ್ದಿ ಬರೆಯುವವರ ಎದೆ ಗಟ್ಟಿ ಎಂದು ಜನ ನಂಬಿದ್ದಾರೆ. ಈ ನಂಬಿಕೆಗೆ ಆಧಾರವಿಲ್ಲ. ಗೋಕಾಕದ ಪತ್ರಿಕಾ ಕಚೇರಿಯೊಂದರಲ್ಲಿ ಕುಳಿತು ವರ್ಷಗಟ್ಟಲೆ ‘ನಿಯಂತ್ರಣ ತಪ್ಪಿ’ ಎಂದು ಬರೆದ ನನಗೆ, ಯಾವ ಇಳಿಜಾರು ಕಂಡರೂ ಮರುದಿನದ ಪುಟದಲ್ಲಿ ನನ್ನ ಹೆಸರು, ವಯಸ್ಸು, ಊರು ಕಾಣಿಸುತ್ತದೆ. ವಯಸ್ಸನ್ನು ತಪ್ಪಾಗಿ ಹಾಕಿರುತ್ತಾರೆ. ಅದು ಬೇರೆ ಸಂಕಟ.

ಇಂಥವನು ಫಿಕ್ಸಡ್ ಗೇರ್ ಸೈಕಲ್ಲಿನ ಸಹವಾಸಕ್ಕೆ ಹೋದದ್ದು ಹೆಂಡತಿ ಮಹಾದೇವಿಯ ಮಾತಿನಿಂದ. ಸಕ್ಕರೆ ಕಾಯಿಲೆಗೆ ಸೈಕಲ್ ತುಳಿಯಿರಿ ಎಂದು ಹುಕ್ಕೇರಿಯ ವೈದ್ಯರು ಹೇಳಿದ್ದರು; ಅಲ್ಲಿಯೇ ಒಬ್ಬರಿಂದ ಹಳೆಯ ರೇಸಿಂಗ್ ಸೈಕಲ್ ಕೊಂಡಿದ್ದೆ. ಅವಳು ಒಮ್ಮೆ ಮೂಡಲಗಿಯಿಂದ ಬರುವಾಗ ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿಬಿಟ್ಟಳು. “ತುಳಿಯೂದ ಎಲ್ಲಿ ಐತ್ರಿ? ಎರಡ ಸಲ ತುಳದು ಮುಂದ ಸುಮ್ಮ ಕುಂತಿರ್ತೀರಿ. ಹಂಗ ಕುಂದ್ರಾಕ ಮನ್ಯಾಗ ಕುರ್ಚಿ ಇಲ್ಲೇನು?” ಎಂದಳು. ರೋಷಕ್ಕೆ ಬಿದ್ದು, ಸುಮ್ಮನೆ ಕೂರಲು ಬಿಡದ ಸೈಕಲ್ಲನ್ನೇ ಮಾಡಿಸುತ್ತೇನೆಂದು ಹೇಳಿಬಿಟ್ಟೆ. ಫಿಕ್ಸಡ್ ಗೇರಿನಲ್ಲಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಕಾಲು ಹಿಂದಕ್ಕೆ ಒತ್ತಿ ಹಿಡಿದರೆ ಸೈಕಲ್ ನಿಧಾನವಾಗುತ್ತದೆ. ಗುಟ್ಟೆಲ್ಲ ಹಿಂದಿನ ಗಾಲಿಯ ನಡುವಿನ ಹಬ್ಬಿನಲ್ಲಿದೆ. ಹಬ್ಬಿನ ಮೇಲೆ ಹಲ್ಲುಚಕ್ರವನ್ನು ಬಲಕ್ಕೆ ತಿರುವಿ ಕೂರಿಸಬೇಕು. ಕಾಲು ಒತ್ತಿ ಹಿಡಿದಾಗ ಅದು ಬಿಚ್ಚಿಕೊಳ್ಳದಂತೆ ಹೊರಗಿನಿಂದ ಒಂದು ಉಕ್ಕಿನ ಬಳೆ ಹಾಕಬೇಕು. ಬಳೆಯ ಮರೆ, ಅಂದರೆ ತಿರುಪಿನ ಗೆರೆ, ಮಾತ್ರ ಉಲ್ಟಾ: ಎಡಕ್ಕೆ ತಿರುವಿದರೆ ಬಿಗಿ, ಬಲಕ್ಕೆ ತಿರುವಿದರೆ ಸಡಿಲ. ವೃತ್ತಿಯ ಅಭ್ಯಾಸದಂತೆ ಇದನ್ನು ಎರಡು ಕಡೆ ಖಚಿತಪಡಿಸಿಕೊಂಡಿದ್ದೆ.

ಅಂಥದೊಂದು ಹಬ್ ತರಿಸಿದೆ. ಅದನ್ನು ಕೂರಿಸಲು ಮಹಾದೇವಿ ಅಂಕಲಗಿಯಲ್ಲಿರುವ ತನ್ನ ತಮ್ಮ ಯಲ್ಲಪ್ಪನನ್ನು ಗೊತ್ತುಮಾಡಿದಳು. ಅವನು ಹೊಲದ ಪಂಪಸೆಟ್ಟನ್ನು ತಾನೇ ಬಿಚ್ಚಿ ಜೋಡಿಸುವವನು. ಜಗತ್ತಿನ ಯಂತ್ರಗಳೆಲ್ಲ ಪಂಪಸೆಟ್ಟಿನ ತಮ್ಮಂದಿರು ಎಂದು ನಂಬಿದವನು. ಹಬ್ಬು ಸೈಕಲ್ಲಿನ ಹಿಂದಿನ ಫೋರ್ಕಿಗಿಂತ ಸಣ್ಣದಾಗಿತ್ತು. ಅವನು ಎರಡೂ ಕಡೆ ವಾಷರ್ ತುಂಬಿ ಸರಿಮಾಡಿದ. ಅಲ್ಲಿಯವರೆಗೆ ವರದಿ ಮಾಡುವಂಥದ್ದೇನೂ ಇರಲಿಲ್ಲ. ಆಮೇಲೆ ನೀರಿನ ಪೈಪಿಗೆ ಸುತ್ತುವ ಸೆಣಬಿನ ಎಳೆ ತಂದು, ಬಿಳಿ ಬಣ್ಣ ಮೆತ್ತಿ, ಹಬ್ಬಿನ ಮರೆಗೆ ಸುತ್ತತೊಡಗಿದ.

“ಇದೇನೋ ಯಲ್ಲಪ್ಪ?”

“ಸೋರಬಾರದಲ್ರಿ ಮಾಮಾ.”

“ಸೈಕಲ್ಲಿನಲ್ಲಿ ಸೋರುವುದೇನಿದೆ?”

“ಸೋರಲಿಲ್ಲಂದ್ರ ಚಲೋನ ಆತಲ್ರಿ!”

ಬಳೆಯನ್ನು ಬಲಕ್ಕೆ ತಿರುವಿದ; ಹಿಡಿಯಲಿಲ್ಲ. “ಸೆಣಬು ಕಡಿಮಿ ಆತು” ಎಂದು ಇನ್ನಷ್ಟು ಸುತ್ತಿದ. ಅದು ಎಡಕ್ಕೆ ಬಿಗಿಯುತ್ತದೆ ಎಂದೆ. ಅವನು ಅಕ್ಕನ ಮುಖ ನೋಡಿದ. “ಅಂವಗ ಕಲಸಾಕ ಹೋಗಬ್ಯಾಡ್ರಿ. ಊರ ಪಂಪೆಲ್ಲ ಅಂವನ ಮಾಡ್ತಾನ” ಎಂದಳು ಅವಳು. ಅವನು ಚಹಾಕ್ಕೆ ಒಳಗೆ ಹೋದಾಗ ನಾನು ಸೆಣಬನ್ನೆಲ್ಲ ಕಿತ್ತೆಸೆದು, ಹಲ್ಲುಚಕ್ರ ಕೂರಿಸಿ, ಬಳೆಯನ್ನು ಎಡಕ್ಕೆ ಗಟ್ಟಿಯಾಗಿ ಬಿಗಿದೆ. ಯಾರಿಗೂ ಹೇಳಲಿಲ್ಲ.

ಅಂಕಲಗಿಯಿಂದ ಗೋಕಾಕಕ್ಕೆ ಹೊರಟೆವು. ನಾನು ಸೈಕಲ್ಲಿನಲ್ಲಿ, ಅಕ್ಕತಮ್ಮ ಹಿಂದೆ ಮೋಟರ್ ಸೈಕಲ್ಲಿನಲ್ಲಿ. ಸಮತಟ್ಟಿನಲ್ಲಿ ಎಲ್ಲ ಸರಿಯಿತ್ತು. ಇಳಿಜಾರು ಶುರುವಾಗುತ್ತಲೇ ಪೆಡಲುಗಳು ನನ್ನ ಕಾಲನ್ನು ತಮ್ಮ ಕೆಲಸಕ್ಕೆ ಹಚ್ಚಿಕೊಂಡವು. ಮೊಣಕಾಲು ಹೊಟ್ಟೆಗೆ ಬಡಿಯತೊಡಗಿತು. ಹಿಂದಿನ ಬ್ರೇಕನ್ನು ಯಲ್ಲಪ್ಪ ‘ಬೇಕಾಗಿಲ್ಲ’ವೆಂದು ತೆಗೆದಿದ್ದ. ಕಾಲು ಒತ್ತಿ ಹಿಡಿಯಬೇಕು ಎನ್ನುವಷ್ಟರಲ್ಲಿ ಅವನ ಗಾಡಿ ಬಾಜೂಕ್ಕೆ ಬಂತು.

“ಹೆದರಬ್ಯಾಡ್ರಿ ಮಾಮಾ! ಹೊರಡೂ ಮುಂದ ನೋಡಿದ್ರ ಬಳಿ ಎಡಕ್ಕ ತಿರುಗಿತ್ತು. ಬಲಕ್ಕ ಒಂದು ಸುತ್ತು ಜಗ್ಗಿ ಬಿಗದೇನಿ!”

ಅಂದರೆ ಬಿಚ್ಚಿದ್ದಾನೆ. ಕಾಲು ಒತ್ತಿದರೆ ಹಲ್ಲುಚಕ್ರವೂ ಬಿಚ್ಚಿಕೊಳ್ಳುತ್ತದೆ. ‘ಬಿಗಿ ಮಾಡಿದ್ದಾಗಿ ಸಂಬಂಧಿಕರು ತಿಳಿಸಿದ್ದಾರೆ’ ಎಂಬ ಕೊನೆಯ ಸಾಲಿನವರೆಗೆ ಸುದ್ದಿ ತಲೆಯಲ್ಲಿ ತಯಾರಾಯಿತು. ಮುಂದಿನ ಬ್ರೇಕೊಂದನ್ನೇ ಹಿಡಿದು, ಚಪ್ಪಲಿ ನೆಲಕ್ಕೆ ಉಜ್ಜುತ್ತ, ರಸ್ತೆಯಂಚಿನ ಮಣ್ಣಿನಲ್ಲಿ ಹೇಗೋ ನಿಂತೆ. ಉಳಿದ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಇಳಿದೆ. ತಳ್ಳಿದರೂ ಪೆಡಲ್ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ನನ್ನ ಮೊಣಕಾಲ ಕೆಳಗೆ ಒಂದೊಂದು ಏಟು.

ಕೆಳಗೆ ಇಬ್ಬರೂ ಕಾಯುತ್ತಿದ್ದರು. “ಯಾಕ್ರಿ, ಪಂಚರಾತೇನು?” ಎಂದಳು ಮಹಾದೇವಿ.

ಸತ್ಯ ಹೇಳಲು ಇದೇ ಸಮಯ. ಯಲ್ಲಪ್ಪ ಮುಖ ಅರಳಿಸಿಕೊಂಡು ನಿಂತಿದ್ದ. ಅವನ ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಇಳಿಜಾರು ಎಷ್ಟೋ ವಾಸಿ ಎನ್ನಿಸಿತು.

“ಏನಿಲ್ಲ, ಕಾಲು ಹಿಡಿದಿತ್ತು” ಎಂದೆ.

“ಫಿಟಿಂಗ್ ಹೆಂಗ ಐತ್ರಿ ಮಾಮಾ?”

“ಭಾರಿ ಗಟ್ಟಿ ಇದೆ.”

ಅವನು ಖುಷಿಯಾಗಿ ಗಾಡಿಯ ಪೆಟ್ಟಿಗೆಯಿಂದ ಬೋಲ್ಟು ಬಿಗಿಯುವ ಪಾನಾ ತೆಗೆದ. “ತಡೀರಿ ಹಂಗಾರ, ಇನ್ನೊಂದ ಸುತ್ತು ಬಿಗದ ಕೊಡ್ತೇನಿ.”

ಮುಂದಕ್ಕೆ ತುಳಿದಷ್ಟೂ ಹಲ್ಲುಚಕ್ರ ಬಿಗಿಯಾಗುತ್ತ ಹೋಗುತ್ತದೆ, ಬಳೆ ಇರಲಿ ಬಿಡಲಿ. ಮನೆಯವರೆಗೆ ಸಮತಟ್ಟು ರಸ್ತೆ. ನಾನು ಸೈಕಲ್ ಹತ್ತಿದೆ. “ಮಾಮಾ, ನಿಲ್ರೀ!” ಎಂಬ ಕೂಗು ಹಿಂದಿನಿಂದ ಕೇಳಿದಷ್ಟೂ ಜೋರಾಗಿ ತುಳಿದೆ. ಗೋಕಾಕದಲ್ಲಿ ಗುರುತಿನವರೊಬ್ಬರು, “ಏನ್ರಿ, ಈ ವಯಸ್ಸಿನ್ಯಾಗ ಏನ್ ಧೈರ್ಯಾರೀ ನಿಮ್ದು!” ಎಂದರು. ಕೈ ಬೀಸಿ ಒಪ್ಪಿಕೊಂಡೆ.