ತಾಮ್ರದ ಕಾಸಿನ ಊರು

ಶುಕ್ರವಾರ ಬೆಳಿಗ್ಗೆ ಶಾಮಲಾ ಆ ನಾಣ್ಯವನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದಳು. ಮಾಡಿದ ತಪ್ಪು ಅಷ್ಟೇ.

ಹೊರಗೆ ಬಂದಾಗ ಮನೆ ಒಡತಿ ಕಾಶಮ್ಮ ಬಾಗಿಲಲ್ಲಿ ನಗುತ್ತಾ ನಿಂತಿದ್ದರು. ಅವರ ಅಂಗೈಯಲ್ಲಿ ನಾಣ್ಯ ಹೊಸ ಚೊಂಬಿನಂತೆ ಥಳಥಳಿಸುತ್ತಿತ್ತು.

"ದೇವರ ಪಾತ್ರೆ ತೊಳೀತಿದ್ದೆ ಮೇಡಂ. ನಿಮ್ಮ ಕಾಸೂ ಪಾಚಿ ಹಿಡಿದಿತ್ತು. ಹುಣಸೆಹಣ್ಣು, ಉಪ್ಪು ಹಾಕಿ ಒಂದು ಕೈ ಉಜ್ಜಿದೆ."

"ಅದು ಪಾಚಿ ಅಲ್ಲ ಕಾಶಮ್ಮೋರೆ, ಸಾವಿರದ ಮುನ್ನೂರು ವರ್ಷ!"

"ಅಷ್ಟು ವರ್ಷ ಒಬ್ಬರೂ ಉಜ್ಜಿಲ್ವಾ?"

ಭದ್ರಾವತಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಶಾಮಲಾ ಆ ಕಾಸಿನ ಹಿಂದೆ ನಾಲ್ಕು ವರ್ಷ ಕಳೆದಿದ್ದಳು. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಸಿರಿಯಾದಲ್ಲಿ ಅಚ್ಚಾದದ್ದು. ರಾಜನ ಚಿತ್ರವಿಲ್ಲ, ಹೆಸರಿಲ್ಲ. ಚಿನ್ನ, ಬೆಳ್ಳಿ ಸಾಮ್ರಾಜ್ಯದ ಮಾತಾಡಿದರೆ ತಾಮ್ರ ಸಂತೆಯ ಮಾತಾಡುತ್ತಿತ್ತು. ಎಷ್ಟೋ ಊರುಗಳು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿಕೊಂಡಿದ್ದವು. ಗ್ರಂಥಗಳು ಮರೆತ ಊರನ್ನು ಒಂದು ಕಾಸು ನೆನಪಿಟ್ಟುಕೊಳ್ಳುತ್ತದಲ್ಲ ಎಂದು ಅವಳಿಗೆ ಪ್ರತಿ ಸಲವೂ ಮೈನವಿರೇಳುತ್ತಿತ್ತು. ಹಸಿರು ಕಿಲುಬಿನ ನಡುವೆ ಕಂಡ ಎರಡೇ ಅಕ್ಷರ ನಂಬಿ, ಇದು ಯಾರೂ ಲೆಕ್ಕಕ್ಕಿಡದ ಒಂದು ಸಣ್ಣ ಊರಿನದೆಂದು ನಲವತ್ತು ಪುಟ ಬರೆದಿದ್ದಳು. ಆ ಊರಿನ ಮೇಲೆ ಅವಳಿಗೆ ತವರಿನಂಥ ಪ್ರೀತಿ. ಇವತ್ತು ಮಧ್ಯಾಹ್ನ ಶಿವಮೊಗ್ಗದ ವಿದ್ಯಾನಗರದಲ್ಲಿ, ನಾಣ್ಯ ಕೊಟ್ಟಿದ್ದ ಗುರುಗಳಾದ ಲಕ್ಷ್ಮೀಕಾಂತ ಮೇಷ್ಟ್ರ ಮನೆಯಲ್ಲಿ, ಅವರ ಗೆಳೆಯರ ಮುಂದೆ ಆ ಪುಟಗಳನ್ನು ಓದಬೇಕು.

ಅಕ್ಷರವೂ ಉಜ್ಜಿಹೋಗಿರಬಹುದೆಂಬ ಭಯಕ್ಕೆ ಅವಳು ನಾಣ್ಯದ ಕಡೆ ನೋಡಲೇ ಇಲ್ಲ.

"ಅಳಬೇಡಿ ಮಾರಾಯ್ತಿ. ತಮ್ಮನ ಮನೆ ಚೊಗರು ಇದೆ. ಬಿಳಿ ಅಡಿಕೇನೇ ಕೆಂಪಾಗುತ್ತೆ, ಇದ್ಯಾವ ಲೆಕ್ಕ?"

ಅಡಿಕೆ ಬೇಯಿಸಿದ ಆ ಕಂದು ರಸ ಹಚ್ಚಿದ ಮೇಲೆ ನಾಣ್ಯ ಹಳೆಯದಾಗಲಿಲ್ಲ. ಮಂಡಿಗೆ ಹೊರಟ ಅಡಿಕೆಯಂತಾಯಿತು.

"ತಪ್ಪು ನಂದು. ಮೇಷ್ಟ್ರ ಹತ್ರ ನಾನೇ ಮಾತಾಡ್ತೀನಿ" ಎಂದು ಕಾಶಮ್ಮ ಬಸ್ಸೂ ಹತ್ತಿದರು. ಶಿವಮೊಗ್ಗ ಬರುವಷ್ಟರಲ್ಲಿ ಇಡೀ ಬಸ್ಸಿಗೆ ವಿಷಯ ತಿಳಿದಿತ್ತು. "ಹುಳಿ ಮಜ್ಜಿಗೇಲಿ ನೆನೆಸಿ" ಎಂದರೊಬ್ಬರು. "ಸಗಣೀಲಿ ಹೂತಿಡಿ" ಎಂದಿತು ಹಿಂದಿನ ಸೀಟು.

ಕಾಶಮ್ಮನ ಕತೆ ಕೇಳಿದ ಮೇಷ್ಟ್ರು ಪಂಚೆಯ ತುದಿಯಿಂದ ಚೊಗರು ಒರೆಸಿ, ನಾಣ್ಯದ ಮೇಲೆ ಹೆಬ್ಬೆರಳಾಡಿಸಿದರು. ಶಾಮಲಾ ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

"ಬೈಯೋದು ಆಮೇಲೆ. ಅಕ್ಷರ ಎದ್ದು ಕೂತಿದೆಯಲ್ಲೇ! ಓದು, ನಿನ್ನ ಊರು ಸಿಕ್ತು ಅಂತ ಕಾಣುತ್ತೆ."

ಅವಳು ಭೂತಗನ್ನಡಿ ಹಿಡಿದಳು. ಎಂಥ ಕೈ! ಸೊಪ್ಪು ಕೊಳ್ಳುವ ಕಾಸಿಗೆ ಇಷ್ಟು ಜೋಪಾನದ ಬರಹ. ಅಚ್ಚು ಕೆತ್ತಿದ ಯಾರೋ ಹೆಸರಿಲ್ಲದವನು ಒಂದೊಂದು ಅಕ್ಷರವನ್ನೂ ಮಗುವನ್ನು ನಿಲ್ಲಿಸಿದಂತೆ ನಿಲ್ಲಿಸಿದ್ದ. ಅವಳು ಓದಿದಳು. ಮತ್ತೊಮ್ಮೆ ಓದಿದಳು.

ಮೇಷ್ಟ್ರ ಕಣ್ಣಿಗೆ ಪೊರೆ. ಸೇರಿದ್ದ ಗೆಳೆಯರಿಗೆ ಆ ಅರಬ್ಬಿ ಲಿಪಿ ಬಾರದು. ಏನು ಹೇಳಿದರೂ ನಡೆಯುತ್ತಿತ್ತು. ಆದರೆ ಅಷ್ಟು ಚೆನ್ನಾಗಿ ಬರೆದವನ ಎದುರು ಸುಳ್ಳು ಓದಲು ನಾಲಿಗೆ ಏಳಲಿಲ್ಲ.

"ದಮಾಸ್ಕಸ್" ಎಂದಳು.

"ರಾಜಧಾನಿ..." ಮೇಷ್ಟ್ರು ಕುರ್ಚಿಗೊರಗಿದರು. ಅಂಥ ಕಾಸು ಅವರ ಡಬ್ಬಿಯಲ್ಲೇ ಹದಿನೇಳಿದ್ದವು. ಸಣ್ಣ ಊರು ನಲವತ್ತು ಪುಟಗಳ ಸಮೇತ ಭೂಪಟದಿಂದ ಎದ್ದುಹೋಯಿತು.

ಹಿಂದಿನ ಸಾಲಿನಲ್ಲಿ ಕಾಶಮ್ಮ ಒಬ್ಬರೇ ಚಪ್ಪಾಳೆ ತಟ್ಟಿದರು.

"ರಾಜಧಾನೀನೇ ಬಂತಲ್ಲ ಮೇಡಂ! ಉಜ್ಜದೇ ಇದ್ದಿದ್ರೆ ಯಾವುದೋ ಸಣ್ಣ ಊರಿನ ಪಾಲಾಗ್ತಿತ್ತು."